ಕಾರಿನ ಹೊಸ್ತಿಲು

ಟಪ್.

ಅಷ್ಟೇ ಸದ್ದು. ಬೀದಿಯೆಲ್ಲ ಮಲಗಿದ ಹೊತ್ತಿನಲ್ಲಿ, ಕಿಟಕಿಯ ಆಚೆ ಯಾರೋ ಡಬ್ಬಿಯ ಮುಚ್ಚಳ ಒತ್ತಿ ಹಾಕಿದ ಹಾಗೆ. ಈ ಮನೆಯ ರಾತ್ರಿಯ ಸದ್ದುಗಳೆಲ್ಲ ಸೊಸೆಗೆ ಬಾಯಿಪಾಠವಾಗಿದ್ದವು. ಫ್ರಿಜ್ಜು ನಡುಗಿ ಸುಮ್ಮನಾಗುವುದು, ಬಚ್ಚಲ ನಲ್ಲಿಯ ತೊಟ್ಟು, ಮಾವನ ಒಣಕೆಮ್ಮು. ಇದು ಯಾವುದೂ ಅಲ್ಲ. ಗಂಡ ಗೋಡೆಯ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದ. ಅವಳು ಎದ್ದು ಪರದೆ ಸರಿಸಿದಳು.

ಅಂಗಳದ ಹಳೇ ಕಾರಿನಲ್ಲಿ ಅತ್ತೆ ಕೂತಿದ್ದರು. ಡ್ರೈವರ್ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ನೇರ ಮುಂದೆ ನೋಡುತ್ತ, ಬಸ್ಸು ಹೊರಡುವುದನ್ನು ಕಾಯುವವರ ಹಾಗೆ.

ಸೊಸೆ ಬರಿಗಾಲಲ್ಲೇ ಓಡಿದಳು. "ಅತ್ತೆ, ಈ ಚಳೀಲಿ ಇಲ್ಲೇನ್ ಮಾಡ್ತಿದ್ದೀರಿ?"

"ಮನೆಗೆ ಹೋಗ್ಬೇಕಮ್ಮ. ಇವರು ಇನ್ನೂ ಬರ್ಲೇ ಇಲ್ಲ ನೋಡು."

ಅವರನ್ನು ಇಳಿಸಿಕೊಂಡು ತಿರುಗಿದಾಗ ಗೇಟು ಕಣ್ಣಿಗೆ ಬಿತ್ತು. ಒಬ್ಬರು ಅಡ್ಡಡ್ಡವಾಗಿ ನುಸುಳುವಷ್ಟು ತೆರೆದಿತ್ತು. ಆಮೇಲೆ ಅವಳಿಗೆ ನಿದ್ದೆ ಹತ್ತಲಿಲ್ಲ. ಹೇಳಿದರೆ ಏನಾಗುತ್ತದೆ, ಹೇಳದಿದ್ದರೆ ಏನಾಗುತ್ತದೆ ಎಂದು ತೂಗುತ್ತ ಬೆಳಗು ಮಾಡಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬೆಳಿಗ್ಗೆ ಅವಳು ಆಡಿದಳು.

"ನಿನ್ನೆ ರಾತ್ರಿ ಅತ್ತೆ ಕಾರಲ್ಲಿ ಕೂತಿದ್ರು."

ಗಂಡನ ಚಹಾದ ಲೋಟ ಅರ್ಧದಾರಿಯಲ್ಲಿ ನಿಂತಿತು. "ಗೇಟು?"

"ತೆಗೆದಿತ್ತು."

"ಅಪ್ಪ, ಕೇಳಿಸ್ತಾ?"

ಮಾವ ಹೆಂಡತಿಗೆ ಬೇಯಿಸಿದ ಮೊಟ್ಟೆ ಸುಲಿದುಕೊಡುತ್ತಿದ್ದರು. "ಕೇಳಿಸ್ತಪ್ಪ. ಕಾರಲ್ಲಿ ತಾನೇ ಕೂತಿದ್ದು? ವಿಮಾನದಲ್ಲಲ್ಲವಲ್ಲ."

"ತಮಾಷೆ ಬೇಡ. ಗೇಟು ದಾಟಿ ರಸ್ತೆಗೆ ಹೋಗಿದ್ರೆ?"

"ಹೋಗಲ್ಲ. ನಾನು ಬರೋವರೆಗೂ ಕಾಯ್ತಾಳೆ. ಮದುವೆಯಾದಾಗಿಂದ ಅದನ್ನೇ ಮಾಡಿದ್ದಾಳೆ."

"ಯಾರು?" ಎಂದರು ಅತ್ತೆ.

"ನೀನೇ ಕಣೆ."

"ಓ," ಎಂದು ಅವರು ಮೊಟ್ಟೆ ಬಾಯಿಗಿಟ್ಟುಕೊಂಡರು.

ಅತ್ತೆ ಮರೆಯತೊಡಗಿ ಬಹಳ ಕಾಲವಾಗಿತ್ತು. ಮೊದಲು ಒಲೆ ಆರಿಸುವುದು, ಆಮೇಲೆ ಹೆಸರುಗಳು, ಆಮೇಲೆ ಮನೆಯೇ. ಹೊತ್ತು ಇಳಿಯುತ್ತಿದ್ದ ಹಾಗೆ ಕೈಚೀಲ ಹಿಡಿದು ಬಾಗಿಲಿಗೆ ಬಂದು ನಿಲ್ಲುವರು. "ಮನೆಗೆ ಹೋಗೋಣ." ಇದೇ ಮನೆ ಎಂದು ಹೇಳಿದರೆ ಅಳುವರು, ಬಾಗಿಲು ಬಡಿಯುವರು, ತುತ್ತು ಉಗಿಯುವರು. ಅದಕ್ಕೆ ಮದ್ದು ಕಂಡುಹಿಡಿದದ್ದು ಮಾವ. ಅತ್ತೆ ಟೆಲಿಫೋನ್ ಕಚೇರಿಯಲ್ಲಿದ್ದ ಕಾಲದಲ್ಲಿ ದಿನಾ ಸಂಜೆ ಇದೇ ಕಾರಿನಲ್ಲಿ ಕರೆತರುತ್ತಿದ್ದರಲ್ಲ, ಈಗಲೂ ಹಾಗೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀರಿನ ಟ್ಯಾಂಕಿನವರೆಗೂ ಹೋಗಿ, ಸುತ್ತು ಹಾಕಿ, ಅದೇ ಗೇಟಿನೊಳಗೆ ಬಂದು ಇಂಜಿನ್ನು ಆರಿಸಿ, "ಬಂತು ಮನೆ" ಎನ್ನುವರು. ಅತ್ತೆ ಇಳಿದು, ಕೈಕಾಲು ತೊಳೆದು, ತಟ್ಟೆಯಲ್ಲಿ ಹಾಕಿದ್ದನ್ನೆಲ್ಲ ಉಣ್ಣುವರು. ತಮ್ಮ ಮನೆಯೊಳಗಿಂದ ತಮ್ಮ ಮನೆಗೆ ಬರಲು ಅವರಿಗೆ ಉಳಿದಿದ್ದ ದಾರಿ ಆ ಕಾರೊಂದೇ.

ಗಂಡ ಅಂದು ಗೇಟಿಗೆ ಬೀಗ ತಂದ. ಬೀಗದ ಜೊತೆಗೇ ಮೂಲೆ ಗ್ಯಾರೇಜಿನ ಟಿಂಕರನ್ನೂ ಕರೆತಂದ. ಹಳೇ ಕಾರಿನ ಸರ್ಕಾರಿ ತಪಾಸಣೆಯ ಗಡುವು ಹತ್ತಿರ ಬಂದಿತ್ತು. ಮಾರಿದರೆ ಏನು ಬರಬಹುದು ಎಂದು ನೋಡಬೇಕಿತ್ತು.

ಟಿಂಕರು ಜಾಕು ಕೊಟ್ಟು ಕಾರು ಎತ್ತಿ, ಕೆಳಗೆ ತೂರಿ, ಅತ್ತೆಯ ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದ. ನೆನೆದ ಬಿಸ್ಕತ್ತಿಗೆ ಕಡ್ಡಿ ಚುಚ್ಚಿದ ಹಾಗೆ ಅದು ಹಿಡಿಯವರೆಗೂ ಒಳಗೆ ಹೋಯಿತು. ಕೆಂಪು ಪುಡಿ ಅವನ ಹಣೆಯ ಮೇಲೆ ಉದುರಿತು.

"ಸಾರ್, ಕಾರಿಗೆ ತುಕ್ಕು ಹಿಡಿದಿದೆ ಅನ್ಬೇಡಿ. ತುಕ್ಕೇ ಕಾರಿನ ಆಕಾರದಲ್ಲಿ ನಿಂತಿದೆ."

"ಆ ಪಟ್ಟಿಗೇನು ಹೆಸರು?" ಎಂದರು ಮಾವ.

"ನಾವು ಹೊಸ್ತಿಲು ಅಂತೀವಿ, ಯಜಮಾನ್ರೇ. ಶೋಕಿಗೆ ಹಾಕಿರೋ ತಗಡಲ್ಲ ಇದು. ಇಡೀ ಕಾರಿನ ಭಾರ ಹೊರೋ ತೊಲೆ. ಹೀಗೇ ಓಡಿಸಿದ್ರೆ ಒಂದಿನ ನಡುರಸ್ತೇಲಿ ಕಾರು ಪುಸ್ತಕದ ಹಾಗೆ ಮಡಚ್ಕೊಳ್ಳುತ್ತೆ. ತಪಾಸಣೇಲಂತೂ ಮೊದಲ ಪೆಟ್ಟಿಗೇ ಔಟು. ಗುಜರಿಗೆ ಹಾಕಿ."

"ನೀನು ಮಾಡ್ಕೊಡಲ್ವಾ?"

"ಇದನ್ನ ಮುಟ್ಟಿದ್ರೆ ನನ್ನ ಅಂಗಡೀಲಿ ಬೇರೆ ಗಾಡಿಗೆ ಜಾಗ ಇರಲ್ಲ. ಬೇಡಿ."

ಭಾನುವಾರ ನಾದಿನಿ ಬಂದಳು. ಪ್ರತಿ ಭಾನುವಾರ ಬಂದು ತಾಯಿಯ ತಲೆ ಬಾಚಿ, ಉಗುರು ಕತ್ತರಿಸಿ, ಹೋಗುವಾಗ ಗೇಟಿನ ಹತ್ತಿರ ಕಣ್ಣು ಒರೆಸಿಕೊಳ್ಳುವವಳು. ಆ ಭಾನುವಾರ ಊಟಕ್ಕೆ ಕೂತಾಗಲೇ ಮಾತು ತೆಗೆದಳು.

"ಅಣ್ಣ ಎಲ್ಲ ಹೇಳಿದ. ಆರೈಕೆ ಮನೆಯವರ ಹತ್ರ ಮಾತಾಡಿದ್ದೀನಿ. ಒಳ್ಳೇ ಮನೆ, ಅಪ್ಪ. ದೊಡ್ಡ ಕಿಟಕಿ ಇದೆ. ರಾತ್ರಿ ಹೊತ್ತು ಎದ್ದು ಕೂರೋರಿದ್ದಾರೆ."

"ಅವಳಿಗೆ ಮನೆ ಇದೆಯಲ್ಲ."

"ಅದು ಅಮ್ಮನಿಗೆ ಗೊತ್ತಿಲ್ವಲ್ಲಪ್ಪ!"

ಗಂಡ ನೀರು ಕುಡಿದು ಲೋಟ ಕುಕ್ಕಿದ. "ನೋಡಿ, ಜಗಳ ಬೇಡ. ಕಾರು ತಪಾಸಣೇಲಿ ಪಾಸಾದ್ರೆ ಇರ್ಲಿ, ಅಮ್ಮನೂ ಇರ್ಲಿ. ಆಗ್ಲಿಲ್ಲಾಂದ್ರೆ ಕಾರು ಗುಜರಿಗೆ, ಅಮ್ಮ ಅಲ್ಲಿಗೆ."

"ಅಣ್ಣ, ಎರಡನ್ನೂ ಒಂದೇ ಉಸಿರಲ್ಲಿ ಹೇಳ್ಬೇಡ," ಎಂದಳು ನಾದಿನಿ.

"ಮತ್ತೆ ಹೇಗೆ ಹೇಳ್ಲಿ? ದಿನಾ ಸಂಜೆ ಯಾರು ಬಾಗಿಲಿಗೆ ಅಡ್ಡ ನಿಲ್ಲೋದು? ಇವಳು ಕೆಲಸ ಬಿಟ್ಟು ಕೂತಿದ್ದಾಳೆ." ಇವಳು ಎಂದರೆ ಸೊಸೆ. ಔಷಧಿ ಅಂಗಡಿಯ ಕೌಂಟರಿನ ಕೆಲಸವನ್ನು ಅತ್ತೆಗಾಗಿ ಬಿಟ್ಟಿದ್ದಳು. ಅಂಗಡಿಯಾಕೆ ಇನ್ನೂ ಬೇರೆಯವರನ್ನು ತೆಗೆದುಕೊಂಡಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂಬುದನ್ನು ಯಾರಿಗೂ ತೋರಿಸಿಕೊಂಡಿರಲಿಲ್ಲ. ಅವಳು ತಲೆ ತಗ್ಗಿಸಿ ಅನ್ನ ಕಲಸಿದಳು.

ಮಾವ ಕೈ ತೊಳೆದು ಎದ್ದರು. "ಪಾಸಾದ್ರೆ ಇರ್ತಾಳೆ. ಮಾತು ಅಂದ್ರೆ ಮಾತು ತಾನೇ?"

"ಮಾತೇ."

ಮರುದಿನ ಮಾವ ಹಳೆಯ ಬೆಸುಗೆ ಯಂತ್ರವನ್ನು ಅಟ್ಟದಿಂದ ಇಳಿಸಿದರು. ನೀರು ಸರಬರಾಜಿನವರಲ್ಲಿ ಪೈಪು ಬೆಸೆದು ಸವೆದ ಕೈ ಅವರದು. ಆದರೆ ಪೈಪು ದಪ್ಪ, ಕಾರಿನ ತಗಡು ತೆಳು. ಮೊದಲ ದಿನ ಬೆಸುಗೆ ಹಾಕಿದ ಕಡೆಯೆಲ್ಲ ತೂತು ಬಿತ್ತು. "ಆನೆ ಸಾಕಿದವನಿಗೆ ಇರುವೆ ಮೇಯಿಸೋ ಕೆಲಸ ಕೊಟ್ಟ ಹಾಗಾಯ್ತು," ಎಂದು ತಮ್ಮಷ್ಟಕ್ಕೇ ಬೈದುಕೊಂಡರು. ಹಳೇ ಡಬ್ಬಗಳನ್ನು ಕತ್ತರಿಸಿ ಅವುಗಳ ಮೇಲೆ ಕೈ ಪಳಗಿಸಿದರು. ರಟ್ಟಿನಲ್ಲಿ ಹೊಸ್ತಿಲಿನ ಅಚ್ಚು ತೆಗೆದು, ಅದನ್ನು ಹೊಸ ತಗಡಿನ ಮೇಲಿಟ್ಟು ಸುತ್ತ ಗೀಚಿ, ದರ್ಜಿಯ ಹಾಗೆ ಕತ್ತರಿಸಿದರು. ಗ್ರೈಂಡರಿನ ಕಿರಿಚಾಟಕ್ಕೆ ಪಕ್ಕದ ಮನೆಯಾಕೆ ಗೋಡೆಯ ಮೇಲೆ ತಲೆಯಿಟ್ಟು, "ಹಲ್ಲೆಲ್ಲ ಜುಮ್ಮೆನ್ನುತ್ತೆ ಯಜಮಾನ್ರೇ, ನಿಮಗೆ ಹಲ್ಲಿಲ್ಲ, ಗೊತ್ತಾಗಲ್ಲ," ಎಂದಳು. ಒಗೆದು ಹಾಕಿದ ಬಟ್ಟೆಗಳಿಗೆಲ್ಲ ಕೆಂಪು ಧೂಳು ಕೂತಿತು. ಸೊಸೆ ಗೊಣಗದೆ ಮತ್ತೆ ಒಗೆದಳು. ಗಂಡ ಮಾತ್ರ ಸುಮ್ಮನಿರಲಿಲ್ಲ.

"ಅಪ್ಪ, ಈ ವಯಸ್ಸಲ್ಲಿ ನೆಲದ ಮೇಲೆ ಮಲಗಿ ಇದೆಲ್ಲ ಯಾಕೆ? ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದ್ರೆ ಆಗ್ತಿರ್ಲಿಲ್ವಾ?"

"ಅದರ ಮೇಲೆ ಕೂರೋಳು ನಿಮ್ಮಮ್ಮ ಕಣೋ."

ಟಿಂಕರು ಒಂದು ಸಂಜೆ ಚಹಾ ಕುಡಿಯಲು ಬಂದವನು ಇಣುಕಿ ನೋಡಿ ಹೇಳಿದ್ದ: "ಬಾಗಿಲ ಬಾಯಿಗೆ ಅಡ್ಡ ಒಂದು ಕಬ್ಬಿಣದ ಸರಳು ಬೆಸೀರಿ, ಆಮೇಲೆ ಹೊಸ್ತಿಲು ಕೊಯ್ಯಿರಿ. ಇಲ್ದಿದ್ರೆ ಕಾರಿನ ಮೈ ಜಗ್ಗುತ್ತೆ, ಬಾಗಿಲು ಜನ್ಮದಲ್ಲಿ ಕೂರಲ್ಲ." ಮಾವ ಹಾಗೇ ಮಾಡಿದ್ದರು. ಸರಳು ಅಡ್ಡ ಬಿದ್ದಿತ್ತು, ಹೊಸ್ತಿಲು ಕೊಯ್ದಾಗಿತ್ತು, ಕಾರು ಮರದ ದಿಮ್ಮಿಗಳ ಮೇಲೆ ನಿಂತಿತ್ತು.

ಸಂಜೆ ಅತ್ತೆ ಕೈಚೀಲ ಹಿಡಿದು ಬಂದರು. ಸರಳು ಕಂಡು ನಿಂತರು. ಅದನ್ನು ಕೈಯಿಂದ ತಳ್ಳಿದರು.

"ಇದ್ಯಾಕೆ ಬೇಲಿ ಹಾಕಿದ್ದಾರೆ?"

"ರಿಪೇರಿ ಆಗ್ತಿದೆ ಕಣೆ. ಇನ್ನೊಂದು ಕಡೆಯಿಂದ ಹತ್ತು, ಬಾ."

"ಅದು ನಿಮ್ಮ ಜಾಗ. ನಾನ್ಯಾಕೆ ಅಲ್ಲಿ ಕೂರ್ಲಿ?"

ಹಿಂದಿನ ಸೀಟೂ ಬೇಡವೆಂದರು. ಅಂಗಳದಲ್ಲೇ ಕೂತು ಕತ್ತಲಾಗುವವರೆಗೂ ಅತ್ತರು. ಸೊಸೆ ಗಂಜಿ ತಂದರೆ ಬಟ್ಟಲು ತಳ್ಳಿದರು. ಮರುದಿನವೂ ಅದೇ. ಮೂರನೆಯ ಸಂಜೆಗೆ ಅತ್ತೆಯ ದನಿಯೇ ಬಿದ್ದುಹೋಗಿತ್ತು. "ಮನೆ" ಎಂಬ ಮಾತಿನ ಮೊದಲರ್ಧ ಮಾತ್ರ ಹೊರಗೆ ಬರುತ್ತಿತ್ತು.

ಮಾವ ಗ್ರೈಂಡರ್ ಎತ್ತಿಕೊಂಡರು.

"ಮಾವ, ಟಿಂಕರು ಹೇಳಿದ್ದು..." ಎಂದಳು ಸೊಸೆ.

"ಕೇಳಿಸ್ಕೊಂಡಿದ್ದೀನಿ ತಾಯಿ. ಬಾಗಿಲು ಕೂರದಿದ್ರೆ ಆಮೇಲೆ ನೋಡ್ಕೊಂಡ್ರಾಯ್ತು. ಇವಳು ಉಣ್ಣದಿದ್ರೆ?"

ಕಿಡಿ ಹಾರಿತು, ಸರಳು ಠಣಾರೆಂದು ಬಿತ್ತು. ಮಾವ ಅಂಚನ್ನು ಉಜ್ಜಿ ನುಣುಪು ಮಾಡಿ, ಕೈಹಿಡಿದು ಹೆಂಡತಿಯನ್ನು ಕೂರಿಸಿದರು. ತಾವು ಸುತ್ತಿ ಬಂದು ಚಕ್ರವಿಲ್ಲದ ಕಾರಿನ ಇಂಜಿನ್ನು ಚಾಲೂ ಮಾಡಿದರು, ಸ್ಟೀರಿಂಗು ಅತ್ತಿತ್ತ ತಿರುಗಿಸಿದರು, ತಿರುವಿನಲ್ಲಿ ಹಾರನ್ನು ಕೂಡ ಹೊಡೆದರು. ಆಮೇಲೆ ಆರಿಸಿ, "ಬಂತು ಮನೆ" ಎಂದರು. ಅತ್ತೆ ನಿಟ್ಟುಸಿರು ಬಿಟ್ಟು ಇಳಿದರು. ಅಂದು ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡರು. ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ ಗಂಡ ಚಪ್ಪಲಿ ಬಿಟ್ಟು ಒಳಗೆ ಹೋದ.

ಆಮೇಲೆ ಅತ್ತೆ ಹಗಲೂ ಕಾರು ಬಿಟ್ಟು ಇಳಿಯಲಿಲ್ಲ. ಇಳಿಸಿದರೆ ಅಳು. ಮಾವ ಅವರನ್ನು ಕೂರಿಸಿಕೊಂಡೇ ಹೊಸ ತಗಡು ಬೆಸೆದರು. ಬ್ಯಾಟರಿ ಕಳಚಿ, ಕಾಲ ಕೆಳಗಿನ ಚಾಪೆ ಕಿತ್ತು, ಅತ್ತೆಯ ಮಡಿಲಿಗೂ ಕಾಲಿಗೂ ಒದ್ದೆ ಗೋಣಿ ಹೊದಿಸಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, "ಅವಳ ಮುಖ ಆ ಕಡೆ ತಿರುಗಿಸ್ಕೊಂಡಿರು," ಎಂದು ಸೊಸೆಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ತಾವು ಹೊರಗೆ ನೆಲದ ಮೇಲೆ ಒರಗಿ, ಮುಖವಾಡ ಇಳಿಸಿಕೊಂಡು, ಚುಕ್ಕಿ ಚುಕ್ಕಿಯಾಗಿ ಬೆಸುಗೆ ಇಟ್ಟರು. ಇಲ್ಲೊಂದು ಚುಕ್ಕಿ, ತಣಿಯಲು ಬಿಟ್ಟು ಅಲ್ಲೊಂದು ಚುಕ್ಕಿ.

ನಡುವೆ ಅತ್ತೆ ತಿರುಗಿ ಕೆಳಗೆ ನೋಡಿದರು. "ಏನಪ್ಪಾ, ಬೇಗ ಮುಗಿಸು. ನಮ್ಮವರು ಬರೋ ಹೊತ್ತಾಯ್ತು."

ಮಾವ ಮುಖವಾಡ ಎತ್ತಿದರು. ಬೆವರಿನ ಮೇಲೆ ಮಸಿ. "ಬಂದೆ ನೋಡು."

ಅತ್ತೆ ನಕ್ಕರು. "ಎಷ್ಟೊತ್ತು ಕಾಯ್ಸೋದು ನೀವು!"

ಬೆಸುಗೆ ಮುಗಿದ ದಿನ ಮಾವ ಸುತ್ತಿಗೆಯಿಂದ ಹೊಸ್ತಿಲು ಬಡಿದರು. ಈ ತುದಿಯಿಂದ ಆ ತುದಿಯವರೆಗೆ ಒಂದೇ ದನಿ. ಅತ್ತೆ ಕೂತಿದ್ದರು. ಮಾವ ಬಾಗಿಲು ಹಾಕಿದರು. ಟಪ್. ಹೊಸ ಕಾರಿನ ಬಾಗಿಲೂ ಹಾಗೆ ಬೀಳುವುದಿಲ್ಲ.

"ಟಿಂಕರಿಗೆ ಹೇಳು ಹೋಗು, ಬಾಗಿಲು ಕೂತಿದೆ ಅಂತ!"

ಆಮೇಲೆ ಅತ್ತೆಯನ್ನು ಇಳಿಸಿ ಮತ್ತೆ ಹಾಕಿದರು. ಕಡ್ ಎಂದು ತಾಗಿ ಹಿಂದಕ್ಕೆ ಬಂತು. ಇನ್ನೊಮ್ಮೆ. ಕಡ್. ಮಂಡಿಯಿಂದ ಒತ್ತಿದರೂ ಕೊಂಡಿಗೆ ಸಿಗಲಿಲ್ಲ. ಮಾವನ ಮುಖ ಸಣ್ಣದಾಯಿತು. ಕೂತು ನೋಡಿದರು, ನಿಂತು ನೋಡಿದರು. ಕೊನೆಗೆ ಸೊಸೆಯೇ, ಹೇಳಲೋ ಬೇಡವೋ ಎಂದು ಅನುಮಾನಿಸುತ್ತ, ಹೇಳಿದಳು:

"ಮಾವ, ಅತ್ತೆ ಕೂತಾಗ ಬಿತ್ತಲ್ಲ."

ಕೂರಿಸಿದರು. ಟಪ್. ಇಳಿಸಿದರು. ಕಡ್.

ಮಾವ ಗೋಡೆಗೆ ಒರಗಿ ನಗತೊಡಗಿದರು. ಕೆಮ್ಮು ಬರುವವರೆಗೂ ನಕ್ಕರು. "ಇವಳ ಭಾರಕ್ಕೆ ಕಾರಿನ ಮೈ ಜಗ್ಗಿದೆ, ನಾನು ಹಾಗೇ ಬೆಸೆದುಬಿಟ್ಟಿದ್ದೀನಿ. ಇವಳ ಅಳತೆಗೆ ಹೊಲಿದ ಕಾರು ಇದು, ತಾಯಿ."

"ಕೊಂಡಿ ಸ್ವಲ್ಪ ಸರಿಸಿದ್ರೆ?"

"ಸರಿಸಿದ್ರೆ ಅವಳಿಲ್ಲದಾಗ ಬೀಳುತ್ತೆ, ಅವಳಿದ್ದಾಗ ಬೀಳಲ್ಲ. ಅವಳಿಲ್ಲದೆ ಈ ಬಾಗಿಲು ಹಾಕಿ ನಾನು ಎಲ್ಲಿಗೆ ಹೋಗ್ಬೇಕು? ಇರ್ಲಿ ಬಿಡು. ನಿನ್ನ ಗಂಡನಿಗೆ ಹೇಳ್ಬೇಡ, ಮಾನ ಹೋಗುತ್ತೆ."

ತಪಾಸಣೆಗೆ ಮಾವ, ಅತ್ತೆ, ಸೊಸೆ ಮೂವರೂ ಹೋದರು. ಪರೀಕ್ಷಕ ಕಾರನ್ನು ಕೊಕ್ಕೆಯಿಂದ ಕೆದಕಿದ, ಸುತ್ತಿಗೆಯಿಂದ ತಟ್ಟಿದ, ಮಂಡಿಯೂರಿ ದೀಪ ಹಿಡಿದು ನೋಡಿದ. "ಅಜ್ಜಿ ಸ್ವಲ್ಪ ಇಳೀಲಿ," ಎಂದ. ಸೊಸೆ ಮಾವನ ಕಡೆ ತಿರುಗಿದಳು.

"ಇಳಿದ್ರೆ ಮತ್ತೆ ಹತ್ತಿಸೋದು ಕಷ್ಟ, ಸ್ವಾಮಿ," ಎಂದರು ಮಾವ.

ಅತ್ತೆ ಪರೀಕ್ಷಕನ ಕಡೆ ಬಗ್ಗಿ ಕೇಳಿದರು: "ನಿಮ್ಮನೆ ಯಾವ ಕಡೆ? ಕೆಲಸ ಮುಗೀತು ತಾನೇ? ಬನ್ನಿ, ದಾರೀಲಿ ಬಿಡ್ತೀವಿ."

ಅವನು ನಕ್ಕುಬಿಟ್ಟ. ಅತ್ತೆಯ ಬಾಗಿಲನ್ನು ತಾನೇ ತೆಗೆದು ಹಾಕಿ ನೋಡಿದ. ಟಪ್. "ಯಾವ ಗ್ಯಾರೇಜಲ್ಲಿ ಮಾಡಿಸಿದ್ರಿ ಯಜಮಾನ್ರೇ? ಕೆಲಸ ಗಟ್ಟಿಯಾಗಿದೆ."

ಅಂದು ರಾತ್ರಿ ಗಂಡ ತಾನೇ ಸಿಹಿ ತಂದ. ತಾಯಿಗೆ ತಿನ್ನಿಸಿ, ಅಪ್ಪನ ಕಡೆ ನೋಡದೆ, "ಮಾತು ಅಂದ್ರೆ ಮಾತು," ಎಂದ. ಔಷಧಿ ಅಂಗಡಿಯ ಕೌಂಟರು ಸೊಸೆಯ ಕಣ್ಣ ಮುಂದೆ ಒಂದು ಗಳಿಗೆ ಬಂದು ಹೋಯಿತು. ಅವಳೂ ಸಿಹಿ ತಿಂದಳು.

ಹೊಸ್ತಿಲಿಗೆ ಕಪ್ಪು ಬಣ್ಣ ಬಳಿದು ಮುಗಿಯುವ ಹೊತ್ತಿಗೆ ಅತ್ತೆ ಇನ್ನಷ್ಟು ಮೌನಿಯಾಗಿದ್ದರು. ಒಂದು ಸಂಜೆ, ಎಂದಿನಂತೆ ಕೈಚೀಲ ಹಿಡಿದು ಕಾರಿನವರೆಗೂ ಬಂದರು. ಮಾವ ಬಾಗಿಲು ತೆಗೆದು ನಿಂತಿದ್ದರು. ಅತ್ತೆ ಹತ್ತಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಸೆರಗು ಸರಿಮಾಡಿಕೊಂಡು, ಪರಿಚಯವಿಲ್ಲದವರೊಡನೆ ಆಡುವ ದನಿಯಲ್ಲಿ ಹೇಳಿದರು:

"ಬೇಡಪ್ಪಾ. ಯಾರದೋ ಕಾರು ಹತ್ಬಾರ್ದು. ನಮ್ಮವರು ಬರ್ತಾರೆ. ನಾನು ಕಾಯ್ತೀನಿ."

"ನಾನೇ ಕಣೆ."

"ನೀವು ಹೊರಡಿ. ಅವರು ಒಂದು ದಿನವೂ ತಪ್ಪಿಸಿದವರಲ್ಲ. ಬಂದೇ ಬರ್ತಾರೆ."

ಮಾವ ತೆರೆದ ಬಾಗಿಲನ್ನು ಹಿಡಿದುಕೊಂಡೇ ನಿಂತರು. ಬಣ್ಣದ ವಾಸನೆ ಹೊಸದೆನ್ನಿಸಿತೋ, ಕಾಯಿಲೆ ಇನ್ನೊಂದು ಮೆಟ್ಟಿಲು ಇಳಿಯಿತೋ, ಸೊಸೆಗೆ ಗೊತ್ತಾಗಲಿಲ್ಲ. ಮಾವ ಒಳಗೆ ಹೋಗಿ ಹಳೇ ಅಂಗಿ ಹಾಕಿಕೊಂಡು ಬಂದರು. ಮಾರನೇ ದಿನ ಮೀಸೆ ಬೋಳಿಸಿದರು, ಹರೆಯದಲ್ಲಿ ಮೀಸೆ ಇರಲಿಲ್ಲ ಎಂದು. ಗೇಟಿನ ಆಚೆಯಿಂದ ಕಾರು ಓಡಿಸಿಕೊಂಡು ಬಂದು, ಹಾರನ್ನು ಹೊಡೆದು, ಈಗ ತಾನೇ ಬಂದವರ ಹಾಗೆ ಇಳಿದರು. ಪಕ್ಕದ ಬಾಗಿಲು ದಾರಿಯುದ್ದಕ್ಕೂ ಕಡ್ ಕಡ್ ಎಂದು ಬಡಿದುಕೊಂಡಿತ್ತು. ಅತ್ತೆ ಅವರನ್ನು ದಾಟಿ ರಸ್ತೆಯನ್ನೇ ನೋಡುತ್ತಿದ್ದರು. ತಟ್ಟೆ ತುಂಬಿದ್ದು ತುಂಬಿದ ಹಾಗೇ ಇರುತ್ತಿತ್ತು. ಕೊರಳ ಮೂಳೆ ಎದ್ದು ಕಾಣತೊಡಗಿತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುಸಿದರು. ವೈದ್ಯೆ ಬಂದು ನೋಡಿ, ದಿನವಿಡೀ ನೋಡಿಕೊಳ್ಳಲು ಕಲಿತವರೇ ಬೇಕು ಎಂದಳು. ಈ ಸಲ ಯಾರೂ ಜಗಳವಾಡಲಿಲ್ಲ. ಮಾವ ತಾವೇ ಹೆಂಡತಿಯ ಬಟ್ಟೆಗಳನ್ನು ಮಡಿಚಿ ಪೆಟ್ಟಿಗೆಗೆ ಹಾಕಿದರು.

ಆರೈಕೆ ಮನೆಯ ಬಿಳೀ ವ್ಯಾನು ಗೇಟಿನಲ್ಲಿ ನಿಂತಾಗ ಅತ್ತೆ ಅದಕ್ಕೂ ಅದೇ ಮಾತು ಹೇಳಿದರು. "ಯಾರದೋ ಗಾಡಿ. ನಾನು ಹತ್ತಲ್ಲ." ನಾದಿನಿ ಬೇಡಿಕೊಂಡಳು. ಸೊಸೆ ಕೈ ಹಿಡಿದಳು. ಕೊನೆಗೆ ಗಂಡ ತಾಯಿಯ ಮುಂದೆ ಮಂಡಿಯೂರಿ ಕೂತ. ಅವನಿಗೆ ಅಂಥ ಮೆತ್ತನೆಯ ದನಿ ಇದೆ ಎಂದು ಸೊಸೆಗೆ ಗೊತ್ತಿರಲಿಲ್ಲ.

"ನಿಮ್ಮ ಯಜಮಾನ್ರೇ ಕಳಿಸಿದ್ದಾರಮ್ಮ. ಅವರಿಗೆ ಕೆಲಸ ಇದೆಯಂತೆ. ಮನೆಗೆ ಕರ್ಕೊಂಡು ಬಾ ಅಂದ್ರು."

"ಅವರೇ ಹೇಳಿದ್ರಾ?"

"ಅವರೇ."

"ಮತ್ತೆ ಆಗಲೇ ಹೇಳ್ಬಾರ್ದಾ?" ಎಂದು ಅತ್ತೆ ಲಗುಬಗೆಯಿಂದ ಹತ್ತಿ ಕೂತರು. ಮಾವ ಪೆಟ್ಟಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಪೆಟ್ಟಿಗೆಯನ್ನು ಒಳಗಿಟ್ಟರು, ಅಷ್ಟೇ.

ಸೊಸೆ ಮತ್ತೆ ಔಷಧಿ ಅಂಗಡಿಗೆ ಹೋಗತೊಡಗಿದಳು. ಕೌಂಟರಿನ ಹಿಂದೆ ನಿಂತು ಹಗುರವೆನ್ನಿಸಿದಾಗಲೆಲ್ಲ ನಾಚಿಕೆಯಾಗುತ್ತಿತ್ತು. ಮನೆಯಲ್ಲಿ ಊಟದ ಹೊತ್ತು ಬೇಗ ಮುಗಿದುಹೋಗುತ್ತಿತ್ತು. ಮಾವ ಭೇಟಿಯ ದಿನಗಳಂದು ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಹೆಂಡತಿ ಏನಂದಳು ಎಂದು ಕೇಳಿದರೆ, "ಯಾರ ಕಡೆಯವರು ಅಂತ ಕೇಳಿದ್ಲು. ನಿನ್ನ ಕಡೆಯವನೇ ಅಂದೆ," ಎಂದು ಲೋಟ ತೊಳೆಯಲು ಏಳುವರು.

"ಅಪ್ಪ, ಆ ಕಾರನ್ನ ಇನ್ನು ಕೊಟ್ಟುಬಿಡೋಣ್ವಾ?" ಎಂದ ಗಂಡ ಒಂದು ದಿನ. "ಬಾಗಿಲಿಗೆ ಹಗ್ಗ ಕಟ್ಟಿ ನಿಲ್ಸಿದ್ದೀರಿ. ಆ ಟಿಂಕರು ಆಗಲೇ ಹೇಳಿದ್ದ, ವಾರೆ ಆಗುತ್ತೆ ಅಂತ. ಅಳತೆ ತಪ್ಪಿದ್ದೀರಿ."

"ತಪ್ಪಿರ್ಬೇಕು," ಎಂದರು ಮಾವ.

ಸೊಸೆಯ ಬಾಯಿಗೆ ಮಾತು ಬಂದಿತ್ತು. ಮಾವ ತಟ್ಟೆಯಿಂದ ತಲೆ ಎತ್ತದೆ ಇದ್ದುದನ್ನು ಕಂಡು ನುಂಗಿಕೊಂಡಳು.

ನಾದಿನಿ ಈಗ ಭಾನುವಾರಗಳಲ್ಲಿ ಆರೈಕೆ ಮನೆಗೆ ಹೋಗುತ್ತಿದ್ದಳು. ಇಲ್ಲಿಗೆ ಫೋನು ಮಾತ್ರ. "ಅತ್ತಿಗೆ, ಅಪ್ಪನ ಮೇಲೆ ಒಂದು ಕಣ್ಣಿಡಿ. ಅಮ್ಮನಿಗೂ ಹೀಗೇ ಶುರುವಾಗಿದ್ದು, ನಾವು ತಡಮಾಡಿದ್ವಿ. ಏನಾದ್ರೂ ವಿಚಿತ್ರವಾಗಿ ಕಂಡ್ರೆ ತಕ್ಷಣ ಹೇಳಿ. ಅಲ್ಲಿ ಇನ್ನೊಂದು ಹಾಸಿಗೆ ಖಾಲಿ ಇದೆಯಂತೆ."

"ಹೇಳ್ತೀನಿ," ಎಂದಿದ್ದಳು ಸೊಸೆ.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಅಂಗಡಿಯಿಂದ ಬಂದು, ಒಲೆಯ ಮೇಲೆ ನೀರಿಟ್ಟು, ಅಕ್ಕಿ ಅಳೆಯಲು ಬಗ್ಗಿದಳು. ಕಟ್ಟೆಯ ಕೆಳಗೆ ಅಕ್ಕಿ ಮೂಟೆ ಇರಲಿಲ್ಲ. ಗಂಡ ಮೊನ್ನೆ ತಾನೇ ತಂದದ್ದು, ಒಂದೆರಡು ಪಾವು ತೆಗೆದಿದ್ದಳಷ್ಟೇ. ಮೂಟೆ ಕೂತಿದ್ದ ಜಾಗದಲ್ಲಿ ದುಂಡನೆಯ ಗುರುತು, ಬಾಗಿಲಿನವರೆಗೂ ಅಲ್ಲೊಂದು ಇಲ್ಲೊಂದು ಕಾಳು.

ಅಂಗಳದಿಂದ ಸದ್ದು ಬಂತು.

ಟಪ್.

ಅವಳು ಪಾವು ಹಿಡಿದೇ ಕಿಟಕಿಗೆ ಹೋದಳು. ಅತ್ತೆಯ ಸೀಟಿನಲ್ಲಿ ಅಕ್ಕಿ ಮೂಟೆ ನೆಟ್ಟಗೆ ಕೂತಿತ್ತು. ಬಾಯಿಗೆ ದಾರ ಕಟ್ಟಿತ್ತು, ಹೊಟ್ಟೆಗೆ ಅಡ್ಡ ಬೆಲ್ಟು ಬಿಗಿದಿತ್ತು. ಅತ್ತೆಯ ಭಾರಕ್ಕೆ ಅದೊಂದೇ ಸಾಲದ್ದಕ್ಕೆ ಒತ್ತಿಗೆ ಬೆಸುಗೆ ಯಂತ್ರವನ್ನೂ ಒರಗಿಸಿದ್ದರು. ಮಾವ ಹಾಕಿದ ಬಾಗಿಲಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಸುತ್ತಿ ಬಂದು ಕೂತು, ಇಂಜಿನ್ನು ಚಾಲೂ ಮಾಡಿ, ತಿರುಗಿ ಪಕ್ಕಕ್ಕೆ ಏನೋ ಹೇಳಿ, ಹೊರಟರು. ನೀರಿನ ಟ್ಯಾಂಕಿನ ಕಡೆಗೆ.

ನೀರು ಕುದಿಯುತ್ತಿತ್ತು. ಫೋನು ಕಟ್ಟೆಯ ಮೇಲಿತ್ತು. ಅವಳು ಅದನ್ನು ಎತ್ತಿಕೊಂಡಳು. ನಾದಿನಿಯ ನಂಬರು ಮೊದಲಿಗೇ ಇತ್ತು. ಬೆರಳು ಅದರ ಹತ್ತಿರ ಹೋಗಿ ನಿಂತಿತು. ಹಿಂದೆಯೂ ಒಂದು ಟಪ್ ಕೇಳಿ, ಕಿಟಕಿಗೆ ಹೋಗಿ, ಕಂಡದ್ದನ್ನು ಹೇಳಿದ್ದಳು. ಗೇಟಿಗೆ ಇನ್ನೂ ಆ ಬೀಗ ತೂಗುತ್ತಿತ್ತು. ಅವಳು ಫೋನನ್ನು ಬೋರಲು ಇಟ್ಟಳು.

ಗಂಡ ಬಂದ. ಕೈಕಾಲು ತೊಳೆದು ಅಡಿಗೆಮನೆಗೆ ಇಣುಕಿದ. "ಏನಿದು, ಬರೀ ನೀರು ಕುದಿಸ್ತಿದ್ದೀಯ?"

"ಅಕ್ಕಿ ಇಲ್ಲ."

"ಮೊನ್ನೆ ತಂದಿದ್ನಲ್ಲ, ಇಡೀ ಮೂಟೆ!"

"ಹುಳ ಬಿದ್ದಿತ್ತು. ಮಾವ ಅಂಗಡಿಗೆ ತಗೊಂಡು ಹೋಗಿದ್ದಾರೆ, ಬದಲಾಯಿಸ್ಕೊಂಡು ಬರೋಕೆ."

"ಅಷ್ಟು ಭಾರ ಅವರ್ಯಾಕೆ ಹೊರ್ಬೇಕು? ನಂಗೆ ಫೋನ್ ಮಾಡೋದಲ್ವಾ?"

"ಕಾರಲ್ಲೇ ಹೋಗಿದ್ದಾರೆ."

ಗೇಟಿನ ಸದ್ದಾಯಿತು. ಕಾರು ಒಳಗೆ ಬಂದು ನಿಂತಿತು, ಇಂಜಿನ್ನು ಆರಿತು. ಆಮೇಲೆ ಗೋಡೆಯ ಆಚೆಯಿಂದ, ಮೆಲ್ಲಗೆ, ಆದರೂ ಅವಳಿಗೆ ಕೇಳುವಷ್ಟು, ಮಾವನ ದನಿ, ದಿನಾ ಸಂಜೆಯ ಅದೇ ಎರಡು ಮಾತು.

"ಏನಂದ್ರು ಅಪ್ಪ?" ಎಂದ ಗಂಡ.

"ಅಕ್ಕಿ ಬಂತು ಅಂದ್ರು," ಎಂದಳು ಸೊಸೆ.

ಮಾವ ಮೂಟೆಯನ್ನು ಎದೆಗೆ ಅವಚಿಕೊಂಡು ಹಿತ್ತಿಲ ಬಾಗಿಲಿನಿಂದ ಬಂದರು. ಮಗ ಅಲ್ಲಿರುವುದನ್ನು ಕಂಡು ಹೊಸ್ತಿಲಲ್ಲೇ ನಿಂತರು. ಸೊಸೆಯ ಮುಖ ನೋಡಿದರು.

"ಬದಲಾಯಿಸಿ ಕೊಟ್ರಾ ಮಾವ?" ಎಂದಳು ಅವಳು. "ಇಲ್ಲಿ ಇಡಿ. ನೀರು ಆಗಲೇ ಕುದ್ದಿದೆ."

"ಕೊಟ್ರು," ಎಂದರು ಮಾವ. ಮೂಟೆಯನ್ನು ಮೆಲ್ಲಗೆ, ಕುಕ್ಕದೆ, ಕಟ್ಟೆಯ ಕೆಳಗೆ ಕೂರಿಸಿದರು.

ಗಂಡ ಬಟ್ಟೆ ಬದಲಿಸಲು ಒಳಗೆ ಹೋದ. ಕಟ್ಟೆಯ ಮೇಲೆ ಬೋರಲು ಬಿದ್ದಿದ್ದ ಫೋನು ಗುಂಯ್ಗುಟ್ಟತೊಡಗಿತು. ಅದು ನಾದಿನಿ ಫೋನು ಮಾಡುವ ಹೊತ್ತು. ಗುಂಯ್ಗುಟ್ಟಿ ಗುಂಯ್ಗುಟ್ಟಿ ತಾನೇ ಸುಮ್ಮನಾಯಿತು. ಆಮೇಲೆ ತಿರುಗಿ ಫೋನು ಮಾಡಿ, ಅಪ್ಪ ಚೆನ್ನಾಗಿದ್ದಾರೆ, ಸಂಜೆ ಅಕ್ಕಿ ತಂದುಕೊಟ್ಟರು ಎನ್ನಬೇಕು. ಅದಕ್ಕಿಂತ ಹೆಚ್ಚು ಒಂದಕ್ಷರವೂ ಬೇಡ. ಇವತ್ತೂ ಬೇಡ, ಎಂದೂ ಬೇಡ, ಯಾರಿಗೂ ಬೇಡ.

ಅವಳು ಬಗ್ಗಿ ಮೂಟೆಯ ದಾರ ಬಿಚ್ಚಿದಳು. ಅದರ ಹೊಟ್ಟೆಯ ಮೇಲೆ ಬೆಲ್ಟಿನ ಗೆರೆ ಓರೆಯಾಗಿ ಆಳವಾಗಿ ಮೂಡಿತ್ತು. ಒಳಗಿನಿಂದ ಗಂಡನ ಹೆಜ್ಜೆ ಕೇಳಿಸುವ ಮೊದಲು ಅದನ್ನು ಅಂಗೈಯಿಂದ ತೀಡಿ ತೀಡಿ ಸರಿಮಾಡಿ, ಅಕ್ಕಿ ಅಳೆದುಕೊಂಡಳು.